ಮೇಲೆ ಬೀಗ, ಕೆಳಗೆ ವಿಳಾಸ

ಟೀಚರಮ್ಮ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಲಿಫ್ಟು ಇದ್ದೂ ಎಲ್ಲರೂ ಮೆಟ್ಟಿಲು ಹತ್ತಿಕೊಂಡೇ ಹೋಗುವ ಒಂದು ಸಣ್ಣ ಕಂಪನಿಯಲ್ಲಿ ಅವರು ಪ್ರೋಗ್ರಾಮರ್. ಆದರೂ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆಯವರು ಬರೆದ ಕೋಡನ್ನು ಅವರು ಪರದೆಯ ಮೇಲೆ ಓದುವುದಿಲ್ಲ. ಪ್ರಿಂಟ್ ತೆಗೆದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಸರಿ ಇದ್ದಲ್ಲಿ ರೈಟು, ತಪ್ಪಿದ್ದಲ್ಲಿ ಇಂಟು, ತೀರಾ ತಪ್ಪಿದ್ದಲ್ಲಿ ಹಾಳೆಯ ಅಂಚಿನಲ್ಲಿ ‘ಯಾಕಪ್ಪಾ?’ ಎಂಬ ಒಂದೇ ಮಾತು. ಆ ‘ಯಾಕಪ್ಪಾ?’ ಕಂಡು ಹೊಟ್ಟೆನೋವೆಂದು ರಜೆ ಹಾಕಿ ಮನೆಗೆ ಹೋದ ಗಂಡಸರಿದ್ದಾರೆ.

ಇಂಥ ಟೀಚರಮ್ಮನ ಕೈಯಲ್ಲಿ ಒಂದು ಸಾಮ್ರಾಜ್ಯವಿತ್ತು. ಕಂಪನಿ ಕಟ್ಟಿಕೊಡುವ ವೆಬ್‌ಸೈಟುಗಳೆಲ್ಲ ನಿಂತಿದ್ದು ಅವರು ಬರೆದ ಫ್ರೇಮ್‌ವರ್ಕಿನ ಮೇಲೆ. ಫ್ರೇಮ್‌ವರ್ಕ್ ಅಂದರೆ ದೊಡ್ಡ ವಿಷಯವೇನಲ್ಲ. ಪ್ರತಿ ಸಲವೂ ಅಡಿಪಾಯ ತೋಡುತ್ತ ಕೂರಬಾರದೆಂದು ಮೊದಲೇ ಮಾಡಿಟ್ಟುಕೊಂಡ ಕಂಬ, ತೊಲೆ, ಬಾಗಿಲು, ಕಿಟಕಿ. ಕಟ್ಟುವವನು ತಂದು ನಿಲ್ಲಿಸಿಕೊಂಡರಾಯಿತು. ಆ ಮನೆಯೊಳಗೆ, ವಿಳಾಸ ಹಾಕಿ ಕರೆದರೆ ಬಂದು ನಿಲ್ಲುವ ಒಂದೊಂದು ವಸ್ತುವಿಗೂ ರಿಸೋರ್ಸ್ ಎಂದು ಹೆಸರು. ಗ್ರಂಥಾಲಯದ ಸೈಟಿನಲ್ಲಿ ಒಂದು ಪುಸ್ತಕ ಒಂದು ರಿಸೋರ್ಸು; ಹಲ್ಲಿನ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಯ ವಿವರ ಒಂದು ರಿಸೋರ್ಸು. ಪ್ರತಿಯೊಂದರ ಹಿಂದೆಯೂ ಅದನ್ನು ಹುಡುಕಿ ತಂದುಕೊಡುವ ಒಂದು ತುಂಡು ಕೋಡು ಕುಳಿತಿರುತ್ತದೆ. ಆ ತುಂಡಿನ ತಲೆಯ ಮೇಲೆ ಬರೆಯುವ ಸಾಲಿಗೆ ಡೆಕೊರೇಟರ್ ಅನ್ನುತ್ತಾರೆ. ಹೆಸರು ಕೇಳಿ ಯಾರೋ ಹೂವು ಬಲೂನು ಕಟ್ಟಲು ಬಂದಿದ್ದಾರೆ ಅನ್ನಿಸಬಹುದು. ಟೀಚರಮ್ಮನ ಗಂಡನಿಗೆ ಹಾಗೇ ಅನ್ನಿಸಿತ್ತು. ಅವರದು ಕನ್ನಡಕದ ಅಂಗಡಿ. “ನನ್ನ ಹೆಂಡತಿ ಡೆಕೊರೇಟರ್ ಮಾಡ್ತಾಳೆ” ಎಂದು ಅವರು ಗಿರಾಕಿಯೊಬ್ಬರಿಗೆ ಹೇಳಿ, ಆ ಗಿರಾಕಿ ಮಗಳ ಮದುವೆಯ ಮಂಟಪಕ್ಕೆ ವಿಚಾರಿಸಲು ಮನೆಗೇ ಬಂದುಬಿಟ್ಟಿದ್ದರು.

ಟೀಚರಮ್ಮನ ಡೆಕೊರೇಟರುಗಳಲ್ಲಿ ಮುಖ್ಯವಾದವು ಎರಡು. ಒಂದು ವಿಳಾಸದ ಸಾಲು: ಈ ಕೋಡು ಈ ವಿಳಾಸಕ್ಕೆ ಬಂದವರಿಗೆ ಸಿಗಲಿ. ಇನ್ನೊಂದು ಬೀಗದ ಸಾಲು: ಇಂಥವರು ಕೇಳಿದರೆ ಮಾತ್ರ ಕೊಡು. “ಒಂದು ಸಾಲು, ಒಂದು ಕೆಲಸ” ಎಂಬುದು ಅವರ ಮಂತ್ರ. ವಿಳಾಸ ತನ್ನ ಪಾಡಿಗೆ, ಬೀಗ ತನ್ನ ಪಾಡಿಗೆ. ಒಂದರ ಸಂಸಾರದಲ್ಲಿ ಇನ್ನೊಂದು ಮೂಗು ತೂರಿಸಬಾರದು. ಸ್ವಂತ ಮನೆಯಲ್ಲಿ ನಡೆಯದ ಈ ಆದರ್ಶವನ್ನು ಅವರು ಕೋಡಿನಲ್ಲಾದರೂ ಸಾಧಿಸಿಕೊಂಡಿದ್ದರು.

ಇಷ್ಟಕ್ಕೇ ನಿಂತಿದ್ದರೆ ಎಲ್ಲ ಸುಖವಾಗಿರುತ್ತಿತ್ತು. ಆದರೆ ಕಂಪನಿಗೆ ಹೊಸದಾಗಿ ಒಬ್ಬ ಮ್ಯಾನೇಜರ್ ಬಂದ. ಬಾಯಿ ಬಿಟ್ಟರೆ “ಇಡೀ ಜಗತ್ತೇ ಬೇರೆ ಫ್ರೇಮ್‌ವರ್ಕ್ ಬಳಸ್ತಿದೆ” ಅನ್ನುತ್ತಿದ್ದ. ವಾರ ಕಳೆಯುವುದರೊಳಗೆ ಅವನ ಹೆಸರೇ ‘ಜಗತ್ತು’ ಎಂದಾಯಿತು. “ಜಗತ್ತು ಊಟಕ್ಕೆ ಹೋಗಿದೆ”, “ಜಗತ್ತಿಗೆ ನೆಗಡಿಯಂತೆ” ಎಂದು ಕಚೇರಿಯಲ್ಲಿ ಮಾತಾಡಿಕೊಳ್ಳುವಾಗ ಹೊರಗಿನವರು ಬೆಚ್ಚಿಬೀಳುತ್ತಿದ್ದರು. ಈ ಜಗತ್ತು ಕಂಪನಿಯ ಯಜಮಾನರ ಕಿವಿ ಊದಿ ಊದಿ, ಕೊನೆಗೆ ಅವರು ಟೀಚರಮ್ಮನನ್ನು ಕರೆದು ಕೂರಿಸಿ, ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಹೇಳಿದರು.

“ನೋಡಮ್ಮಾ, ಹಲ್ಲಿನ ಕ್ಲಿನಿಕ್ಕಿನ ಕೆಲಸ ನಿಮ್ಮದರಲ್ಲೇ ಮಾಡೋಣ. ಅದು ಒಂದು ತಕರಾರಿಲ್ಲದೆ ನಡೆದರೆ ನಿಮ್ಮ ಫ್ರೇಮ್‌ವರ್ಕೇ ಇರುತ್ತೆ. ಇಲ್ಲಾಂದ್ರೆ ಜಗತ್ತು ಹೇಳೋ ಹಾಗೆ...”

“ಯಾವ ಜಗತ್ತು ಸರ್?”

“ಎರಡೂ” ಎಂದರು ಯಜಮಾನರು.

ಟೀಚರಮ್ಮ ಮದುವೆಯಾದ ಮೇಲೆ ಸೀರೆ ಬದಲಾಯಿಸಿದ್ದಾರೆ, ಮನೆ ಬದಲಾಯಿಸಿದ್ದಾರೆ, ಗಂಡನ ಮೀಸೆಯ ಆಕಾರ ಬದಲಾಯಿಸಿದ್ದಾರೆ. ಆದರೆ ಅವರ ಅರ್ಧ ಆಯುಷ್ಯ ಕೂತಿರುವುದು ಆ ಫ್ರೇಮ್‌ವರ್ಕಿನಲ್ಲಿ. ಅದನ್ನು ಎತ್ತಿ ಗುಜರಿಗೆ ಹಾಕುತ್ತೇವೆಂದರೆ ಸುಮ್ಮನಿರುವವರೇ? ಕ್ಲಿನಿಕ್ಕಿನ ಸೈಟನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದರು. ಒಂದೊಂದು ಪುಟದ ಬೀಗವನ್ನೂ ತಾವೇ ಎಳೆದು ನೋಡಿದರು. ಎಲ್ಲ ಭದ್ರ. ಕ್ಲಿನಿಕ್ಕಿನವರಿಗೆ ಒಪ್ಪಿಸುವ ಮುನ್ನ ಕೊನೆಯ ಮಾತಾಗಿ ನೇರಪ್ಪನಿಗೆ, “ಒಂದು ಸಲ ಎಲ್ಲ ಅಚ್ಚುಕಟ್ಟು ಮಾಡಿಬಿಡಪ್ಪ” ಎಂದರು.

ಈ ನೇರಪ್ಪ ಯಾರೆಂದರೆ, ವಕ್ರವಾದದ್ದನ್ನು ಕಂಡರೆ ಮೈ ತುರಿಸುವಂಥ ಮನುಷ್ಯ. ಮೇಜಿನ ಮೇಲಿನ ಪೆನ್ಸಿಲುಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಾನೆ. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಮೀಟಿಂಗಿನ ಮಧ್ಯೆ ಎದ್ದು ಹೋಗಿ ಸರಿಮಾಡುತ್ತಾನೆ. ಹಿಂದೊಮ್ಮೆ ಯಜಮಾನರ ಟೈ ಸರಿಮಾಡಲು ಹೋಗಿ ಬೈಸಿಕೊಂಡಿದ್ದಾನೆ. ಒಳ್ಳೆಯವನು, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಲೋಕದಲ್ಲಿ ಅರ್ಧ ಅನಾಹುತ ಮಾಡುವವರು ಇಂಥವರೇ.

ಸೈಟು ಶುರುವಾಯಿತು. ಕ್ಲಿನಿಕ್ಕಿನವರು ಫೋನ್ ಮಾಡಿ ಹೊಗಳಿದರು. ಜಗತ್ತು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಭಾನುವಾರ ಮಧ್ಯಾಹ್ನ ಟೀಚರಮ್ಮ ಗೆದ್ದು ಬಂದ ಸೇನಾಪತಿಯ ಗತ್ತಿನಲ್ಲಿ ಸೋಫಾದ ಮೇಲೆ ಕುಳಿತು ಒಣಗಿದ ಬಟ್ಟೆ ಮಡಚುತ್ತಿದ್ದರು. ಗಂಡ ಅವರ ಪಕ್ಕದಲ್ಲಿ, ಮಡಚಿದ ಬಟ್ಟೆಯ ಮೇಲೆ ಮೊಣಕೈ ಊರಿಕೊಂಡು ಪೇಪರ್ ಓದುತ್ತಿದ್ದರು. ಆಗ ಕೆಳಗಿನ ಮನೆಯಲ್ಲಿರುವ ನಾದಿನಿ ಚಪ್ಪಲಿ ಕೂಡ ಬಿಡದೆ ಓಡಿಬಂದಳು. ಕೈಯಲ್ಲಿ ಮೊಬೈಲು, ಮುಖದಲ್ಲಿ ಬೆಳಕು.

“ಅತ್ತಿಗೆ! ಮೇಲಿನ ಮನೆ ಸಂಗೀತದ ಮೇಷ್ಟ್ರು ಇದ್ದಾರಲ್ಲ, ಅವರ ಮೇಲಿನ ಸಾಲೆಲ್ಲ ಸೆಟ್ಟು!”

“ಯಾವ ಸೆಟ್ಟೇ?”

“ಹಲ್ಲಿನ ಸೆಟ್ಟು! ಕಟ್ಟಿಸಿದ್ದು! ‘ಈ ವಯಸ್ಸಲ್ಲೂ ಕಬ್ಬು ಸಿಗಿದು ತಿಂತೀನಿ’ ಅಂತ ಮೆಟ್ಟಿಲ ಮೇಲೆ ನಿಂತು ಹೇಳ್ತಾರಲ್ಲ, ಎಲ್ಲ ಬುರುಡೆ! ಮೂಲೆ ಅಂಗಡಿಯವನಿಗೆ ಎರಡು ದವಡೆ ಹಲ್ಲಿಲ್ಲ. ಆ ಬ್ಯಾಂಕಿನವಳು, ಯಾವಾಗಲೂ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಾಳಲ್ಲ, ಯಾಕೆ ಅಂತ ಇವತ್ತು ಗೊತ್ತಾಯ್ತು.”

“ಇದೆಲ್ಲ ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳಬೇಕಾಗಿಲ್ಲ ಅತ್ತಿಗೆ, ಎಲ್ಲ ಇಲ್ಲೇ ಇದೆ. ಮೊನ್ನೆ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡೆನಲ್ಲ, ನಿಮ್ಮ ವಿವರ ಇಲ್ಲಿ ನೋಡಿ ಅಂತ ಲಿಂಕ್ ಕಳಿಸಿದ್ರು. ಕೊನೆಯಲ್ಲಿ ಒಂದು ನಂಬರ್ ಇತ್ತು. ಒಂದು ಕಮ್ಮಿ ಮಾಡಿ ನೋಡಿದೆ. ನನಗಿಂತ ಮುಂಚೆ ಹೋದವರ ಬಾಯಿ ತೆರೆದುಕೊಳ್ತು!”

“ಯಾಕೆ ಕಮ್ಮಿ ಮಾಡಿದೆ?” ಟೀಚರಮ್ಮನ ಧ್ವನಿ ಎಲ್ಲಿಂದಲೋ ಬಂತು.

“ಯಾಕೆ ಮಾಡಬಾರದು?”

ಮನುಷ್ಯಕುಲದ ಅರ್ಧ ಪ್ರಗತಿಯೂ ಮುಕ್ಕಾಲು ಕಷ್ಟವೂ ಈ ಪ್ರಶ್ನೆಯಿಂದಲೇ ಹುಟ್ಟಿರುವುದು. ಗಂಡ ಪೇಪರಿನ ಹಿಂದಿನಿಂದ, “ಇವಳು ಚಿಕ್ಕವಳಾಗಿದ್ದಾಗಲೂ ಹೀಗೇ ಕಣೇ. ಪಕ್ಕದ ಮನೆಯವರು ಊರಿಗೆ ಹೋದರೆ ಇವಳನ್ನ ಅವರ ಕಿಟಕಿಯಿಂದ ಇಳಿಸಬೇಕಾಗ್ತಿತ್ತು” ಎಂದರು. ಟೀಚರಮ್ಮ ಮಡಚುತ್ತಿದ್ದ ಗಂಡನ ಅಂಗಿಯನ್ನು ಉಂಡೆ ಮಾಡಿ ಬಿಸಾಕಿ ಲ್ಯಾಪ್‌ಟಾಪ್ ತೆರೆದರು. ನಿಜ. ಇಡೀ ಕ್ಲಿನಿಕ್ಕಿನ ಬಾಯಿ ‘ಆ’ ಎಂದು ತೆರೆದುಕೊಂಡಿತ್ತು. ಅವರು ಅಲ್ಲಿಂದಲೇ ಸೈಟು ಮುಚ್ಚಿ ಯಜಮಾನರಿಗೆ ಫೋನ್ ಮಾಡಿದರು. ಆ ಕಡೆಯಿಂದ ಪೆನ್ನಿನ ಮುಚ್ಚಳದ ಟಿಕ್ ಟಿಕ್ ಸದ್ದು ಕೇಳಿಸಿತು.

“ಎಷ್ಟು ಜನ ನೋಡಿದ್ದಾರೆ?”

ಯಾರು ಯಾವ ಪುಟಕ್ಕೆ ಬಂದರೆಂದು ಸೈಟನ್ನು ನಡೆಸುವ ಸರ್ವರ್ ತಾನಾಗಿ ಗುರುತು ಇಟ್ಟುಕೊಂಡಿರುತ್ತದೆ. ಟೀಚರಮ್ಮ ಹುಡುಕಿದರು. ಪುಣ್ಯಕ್ಕೆ ಇನ್ನೊಬ್ಬರ ಬಾಯಿಗೆ ಇಣುಕಿದವರು ಇಡೀ ಊರಿನಲ್ಲಿ ಒಬ್ಬರೇ.

“ಒಬ್ಬರು ಸರ್.”

“ಯಾರು?”

“ನಮ್ಮ ನಾದಿನಿ.”

“ದೇವರು ದೊಡ್ಡವನು. ಅವರ ಬಾಯಿ ಮುಚ್ಚಿಸಿ” ಎಂದು ಯಜಮಾನರು ಫೋನ್ ಇಟ್ಟರು. ಇದುವರೆಗೆ ಯಾರಿಂದಲೂ ಆಗದ ಕೆಲಸವನ್ನು ಅವರು ಎಷ್ಟು ಸುಲಭವಾಗಿ ಹೇಳಿಬಿಟ್ಟರು!

ಸೋಮವಾರ ಬೆಳಗ್ಗೆ ಯಜಮಾನರು ಕ್ಲಿನಿಕ್ಕಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಮುಖ ಕೆಂಪಗೆ ಮಾಡಿಸಿಕೊಂಡು ಬಂದರು. ಶುಕ್ರವಾರದೊಳಗೆ ಸರಿಹೋಗಬೇಕು, ಮತ್ತೆ ಹೀಗಾಗುವುದಿಲ್ಲವೆಂದು ತೋರಿಸಬೇಕು. ಜಗತ್ತು ಕೈ ಕಟ್ಟಿಕೊಂಡು, ಸಾವಿನ ಮನೆಗೆ ಬಂದವನಂತೆ ಮೆತ್ತಗೆ, “ನಾನು ಏನೂ ಹೇಳಲ್ಲ ಮೇಡಂ” ಎಂದ. ಹಾಗೆಂದು ಹೇಳಿ ಅರ್ಧ ಗಂಟೆ ಮಾತಾಡಿದ.

ಟೀಚರಮ್ಮ ಪ್ರಿಂಟ್ ತೆಗೆದು ಕೂತರು. ವಿಚಿತ್ರವೇನೆಂದರೆ ಎಲ್ಲ ಪುಟವೂ ತೆರೆದಿರಲಿಲ್ಲ. ಇವತ್ತು ಯಾರು ಯಾರು ಬರುತ್ತಾರೆಂಬ ಪುಟ ಭದ್ರವಾಗಿತ್ತು. ಔಷಧಿ ಎಷ್ಟು ಉಳಿದಿದೆ ಎಂಬುದೂ ಭದ್ರ. ರೋಗಿಯ ವಿವರ ಬಟಾಬಯಲು. ಎಕ್ಸ್‌ರೇ ಬಟಾಬಯಲು. ಎಲ್ಲದರ ಮೇಲೂ ಬೀಗದ ಸಾಲು ಇದ್ದೇ ಇದೆ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕೆಂಪು ಪೆನ್ನು ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿದಂತೆಯೇ ಉಳಿಯಿತು. ತಲೆ ಕೆಟ್ಟು ಅವರು ಹಾಳೆಗಳನ್ನು ದೂರ ತಳ್ಳಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

ಕನ್ನಡಕ ತೆಗೆದಾಗ ಅಕ್ಷರ ಕಾಣಲಿಲ್ಲ, ಆಕಾರ ಕಂಡಿತು. ಪ್ರತಿ ಹಾಳೆಯಲ್ಲೂ, ಪ್ರತಿ ಕೋಡಿನ ತಲೆಯ ಮೇಲೂ, ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದವು. ಗಿಡ್ಡ ಸಾಲು ಮೇಲೆ, ಉದ್ದ ಸಾಲು ಕೆಳಗೆ. ಎಲ್ಲಿ ನೋಡಿದರೂ ಮೆಟ್ಟಿಲು. ಇಷ್ಟು ಚೆಂದದ ಮೆಟ್ಟಿಲನ್ನು ಕಟ್ಟುವವನು ಆ ಕಟ್ಟಡದಲ್ಲಿ ಒಬ್ಬನೇ.

“ನೇರಪ್ಪಾ!”

ನೇರಪ್ಪ ಬಂದ. ಬರುತ್ತ ದಾರಿಯಲ್ಲಿದ್ದ ಕುರ್ಚಿಯೊಂದನ್ನು ಮೇಜಿನೊಳಗೆ ನೂಕಿ ಸಾಲು ಮಾಡಿ ಬಂದ.

“ಈ ಸಾಲುಗಳನ್ನ ಹೀಗೆ ಜೋಡಿಸಿದ್ದು ನೀನೇನಾ?”

“ಹೂಂ ಮೇಡಂ. ಚೆನ್ನಾಗಿದೆ ಅಲ್ವಾ? ಮುಂಚೆ ಒಂದು ಉದ್ದ, ಒಂದು ಗಿಡ್ಡ, ಹಲ್ಲು ಹಲ್ಲಾಗಿತ್ತು. ನೀವೇ ಅಚ್ಚುಕಟ್ಟು ಮಾಡು ಅಂದ್ರಿ.”

ಇಲ್ಲಿ ಒಂದು ಗುಟ್ಟು ಹೇಳಬೇಕು. ಡೆಕೊರೇಟರ್ ಸಾಲುಗಳು ಮೇಲಿನಿಂದ ಕೆಳಕ್ಕೆ ಕೆಲಸ ಮಾಡುವುದಿಲ್ಲ. ಕೋಡಿಗೆ ಅಂಟಿಕೊಂಡಿರುವ ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ. ಬಟ್ಟೆ ಹಾಕಿಕೊಂಡ ಹಾಗೆ. ಮೈಗೆ ಹತ್ತಿರದ್ದು ಮೊದಲು. ವಿಳಾಸದ ಸಾಲು ಮಾಡುವುದು ಫೋಟೊಗ್ರಾಫರನ ಕೆಲಸ. ತನ್ನ ಸರದಿ ಬಂದಾಗ ಕೋಡು ಹೇಗಿದೆಯೋ ಹಾಗೇ ಒಂದು ಫೋಟೊ ಹೊಡೆದು ಆ ವಿಳಾಸದಲ್ಲಿ ಅಂಟಿಸಿಬಿಡುತ್ತದೆ. ಬೀಗ ಕೆಳಗೆ, ವಿಳಾಸ ಮೇಲೆ ಇದ್ದರೆ ಮೊದಲು ಬೀಗ ಬಿದ್ದು, ಆಮೇಲೆ ಫೋಟೊ; ಬಂದವರಿಗೆ ಬೀಗ ಹಾಕಿದ ಬಾಗಿಲೇ ಸಿಗುತ್ತದೆ. ಮೇಲೆ ಬೀಗ, ಕೆಳಗೆ ವಿಳಾಸವಾದರೆ? ಫೋಟೊ ಹೊಡೆದಾಗಿಬಿಟ್ಟಿದೆ. ಬೀಗ ಆಮೇಲೆ ಬಂದು ಠೀವಿಯಿಂದ ಕೂತು ಏನು ಪ್ರಯೋಜನ? ಎಲ್ಲರೂ ನೋಡುತ್ತಿರುವುದು ಬೀಗವಿಲ್ಲದ ಫೋಟೊ.

ವಿಳಾಸ ಗಿಡ್ಡವಾಗಿದ್ದ ಪುಟಗಳು ನೇರಪ್ಪನ ಮೆಟ್ಟಿಲಲ್ಲೂ ಮೇಲೆಯೇ ಉಳಿದು ಬಚಾವಾಗಿದ್ದವು. ವಿಳಾಸ ಉದ್ದವಾದದ್ದೆಲ್ಲ ಕೆಳಗಿಳಿದು ಬಯಲಿಗೆ ಬಿದ್ದಿತ್ತು. ಕಳ್ಳನಲ್ಲ, ವೈರಿಯಲ್ಲ, ಅಂದಚೆಂದ ಬಲ್ಲ ಒಬ್ಬ ಸಜ್ಜನ ಕೋಟೆಯ ಬಾಗಿಲು ತೆಗೆದಿಟ್ಟಿದ್ದ. ಅದೂ ಟೀಚರಮ್ಮನ ಅಪ್ಪಣೆಯ ಮೇರೆಗೆ! ಅವರು ‘ಯಾಕಪ್ಪಾ?’ ಎಂದು ಬರೆಯಲು ಹಾಳೆಯ ಅಂಚು ಹುಡುಕಿದರು. ಯಾರಿಗೆಂದು ಬರೆಯುವುದು ಎಂದು ತೋಚಲಿಲ್ಲ.

ವಿಷಯ ತಿಳಿದ ನೇರಪ್ಪನ ಮುಖ ನೋಡಲಾಗುತ್ತಿರಲಿಲ್ಲ. “ಮೇಡಂ, ನಾನು ನಿಮ್ಮ ಫ್ರೇಮ್‌ವರ್ಕಿನ ಮ್ಯಾನುಯಲ್ ಪೂರ್ತಿ ನೋಡಿದ್ದೀನಿ. ಅದರ ಮಾರ್ಜಿನ್ ಸರಿ ಮಾಡಿದ್ದೇ ನಾನು.”

“ಅದರೊಳಗೆ ಬೀಗ ಕೆಳಗೇ ಇರಬೇಕು ಅಂತ ಬರೆದಿದ್ದೆ ಕಣಪ್ಪ.”

“ಮಾರ್ಜಿನ್ ಮಾತ್ರ ನೋಡಿದ್ದೆ ಮೇಡಂ.”

ಮೀಟಿಂಗ್ ಕರೆಯಲಾಯಿತು. ಒಂದು ಚಕ್ರ ಕಳಚಿಹೋದ ಕುರ್ಚಿ ಟೀಚರಮ್ಮನ ಪಾಲಿಗೆ ಬಂತು. ಬೋರ್ಡಿನ ಮೇಲೆ ಅವರು ಎರಡು ಸಾಲು ಬರೆದು, ಹಿಂದುಮುಂದು ಮಾಡಿ, ಫೋಟೊಗ್ರಾಫರನ ಕತೆ ಹೇಳಿದರು. ಎಲ್ಲರೂ ತಲೆದೂಗಿದರು. ಆಮೇಲೆ ಶುರುವಾಯಿತು ಸಲಹೆಗಳ ಸುರಿಮಳೆ.

“ಮ್ಯಾನುಯಲ್ಲಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಬಿಡಿ” ಎಂದರು ಯಜಮಾನರು.

“ಈಗಲೂ ದಪ್ಪ ಅಕ್ಷರದಲ್ಲೇ ಇದೆ ಸರ್.”

“ಇನ್ನೂ ದಪ್ಪ?”

ಟೀಚರಮ್ಮ ಕುರ್ಚಿಯಲ್ಲಿ ಕೂತೇ ವಾಲಿದರು. ಯಜಮಾನರು ಸ್ವಲ್ಪ ಯೋಚಿಸಿ, ಇದ್ದಕ್ಕಿದ್ದಂತೆ ಮೇಜು ಕುಟ್ಟಿದರು. “ಸಿಕ್ತು! ಬೀಗದ ಸಾಲು ಗಿಡ್ಡ ಇರೋದಕ್ಕೆ ತಾನೇ ಮೇಲೆ ಹೋಗ್ತಿರೋದು? ಅದರ ಹೆಸರನ್ನೇ ಉದ್ದ ಮಾಡಿ! ‘ದಯವಿಟ್ಟು ಅನುಮತಿ ಇಲ್ಲದವರನ್ನು ಯಾವ ಕಾರಣಕ್ಕೂ ಒಳಗೆ ಬಿಡಬೇಡಿ’ ಅಂತ ಇಡಿ. ನೇರಪ್ಪ ಎಷ್ಟು ಜೋಡಿಸಿದರೂ ಅದು ಕೆಳಗೇ ಇರುತ್ತೆ!”

ಅತ್ಯಂತ ಭಯಾನಕ ಸಂಗತಿಯೆಂದರೆ ಅದು ಕೆಲಸ ಮಾಡುತ್ತಿತ್ತು. ನೇರಪ್ಪ ಆಗಲೇ ಆಸೆಗಣ್ಣಿನಿಂದ ಅಕ್ಷರ ಎಣಿಸುತ್ತಿದ್ದ.

“ಸರ್,” ಎಂದರು ಟೀಚರಮ್ಮ, ಅಳುವ ಮಗುವನ್ನು ಸಮಾಧಾನ ಮಾಡುವ ಧ್ವನಿಯಲ್ಲಿ, “ನಾಳೆ ಯಾರಾದರೂ ಅದಕ್ಕಿಂತ ಉದ್ದದ ವಿಳಾಸ ಬರೆದರೆ?”

“ಅಷ್ಟುದ್ದ ಯಾರು ಬರೀತಾರಮ್ಮ?”

“ನಂಬರ್ ಯಾರು ಕಮ್ಮಿ ಮಾಡ್ತಾರೆ ಅಂತ ನಾನೂ ಅಂದುಕೊಂಡಿದ್ದೆ ಸರ್.”

ಈಗ ಜಗತ್ತು ಗಂಟಲು ಸರಿಮಾಡಿಕೊಂಡಿತು. “ಇದಕ್ಕೇ ನಾನು ಹೇಳೋದು. ಹೊರಗಿನ ಫ್ರೇಮ್‌ವರ್ಕ್ ತಗೊಂಡ್ರೆ ಈ ತಲೆನೋವೇ ಇರಲ್ಲ.”

ಟೀಚರಮ್ಮ ಜಗತ್ತು ಮೆಚ್ಚಿದ ಫ್ರೇಮ್‌ವರ್ಕನ್ನು ಅಲ್ಲೇ ಪರದೆಯ ಮೇಲೆ ತೆರೆದು, ಎರಡು ಸಾಲು ಬರೆದು, ಹಿಂದುಮುಂದು ಮಾಡಿ ಓಡಿಸಿದರು. ಪುಟ ಬಾಯಿ ತೆರೆದುಕೊಂಡು ಬಂತು. ಅದೇ ಬಟಾಬಯಲು.

“ಇಡೀ ಜಗತ್ತೂ ಇದೇ ಗುಂಡಿಗೆ ಬೀಳ್ತಿದೆ ನೋಡಪ್ಪ.”

ಜಗತ್ತು ಪರದೆಯನ್ನು ನೋಡಿತು, ಬೋರ್ಡನ್ನು ನೋಡಿತು. ಆಮೇಲೆ ಬಹಳ ಪ್ರಾಮಾಣಿಕವಾಗಿ, “ನಿಜ ಮೇಡಂ. ಆದರೆ ಅಲ್ಲಿ ಬಿದ್ದರೆ ನಮ್ಮ ತಪ್ಪಲ್ಲ” ಎಂದಿತು.

ಯಜಮಾನರು ಈ ಮಾತಿಗೆ ನಿಧಾನವಾಗಿ ತಲೆಯಾಡಿಸಿದ್ದನ್ನು ಟೀಚರಮ್ಮ ಕಂಡರು. ಗುಂಡಿ ಇದೆಯೋ ಇಲ್ಲವೋ ಎಂಬುದಲ್ಲ ಪ್ರಶ್ನೆ. ಅದು ಯಾರ ಹೆಸರಿನಲ್ಲಿದೆ ಎಂಬುದೇ ಪ್ರಶ್ನೆ. ಹಾಗಾದರೆ ಉಳಿದಿರುವುದು ಒಂದೇ ದಾರಿ: ಗುಂಡಿಯನ್ನೇ ಮುಚ್ಚಬೇಕು. ಶುಕ್ರವಾರದೊಳಗೆ.

ಮನೆಗೆ ಬಂದರೆ ಅಲ್ಲೂ ಸಲಹೆ. ಗಂಡ ವಿಷಯ ಪೂರ್ತಿ ಕೇಳಿ, “ಅರ್ಥ ಆಯ್ತು ಬಿಡು. ಕನ್ನಡಕದ ಫ್ರೇಮು, ಗಾಜು ಇದ್ದ ಹಾಗೆ” ಎಂದರು.

“ಅಲ್ಲ ರೀ.”

“ಮೊದಲು ಫ್ರೇಮು, ಆಮೇಲೆ ಗಾಜು.”

“ಅಲ್ಲಾ ಅಂದೆ.”

“ಹಾಗಾದ್ರೆ ಮೊದಲು ಗಾಜು?”

ನಾದಿನಿ ತಟ್ಟೆ ಎತ್ತಿಕೊಂಡು ಹೋಗುತ್ತ, “ಇಷ್ಟು ತಲೆ ಕೆಡಿಸ್ಕೋಬೇಡಿ ಅತ್ತಿಗೆ. ಯಾರೂ ನೋಡಲ್ಲ ಬಿಡಿ ಅವನ್ನೆಲ್ಲ” ಎಂದಳು. ಟೀಚರಮ್ಮ ಅವಳನ್ನು ನೋಡಿದ ನೋಟಕ್ಕೆ ತಟ್ಟೆ ತಾನಾಗಿ ಸಿಂಕಿಗೆ ಇಳಿಯಿತು.

ಮಂಗಳವಾರ ಅವರು ಬೀಗದ ಸಾಲಿಗೇ ಬುದ್ಧಿ ಹೇಳಿದರು: ನೀನು ಮೇಲೆ ಕೂತಿದ್ದರೆ ಕೂಗು. ಅದು ಕೂಗಿತು. ಆದರೆ ಯಾರೋ ಇವೆರಡರ ನಡುವೆ ಮೂರನೆಯ ಸಾಲೊಂದನ್ನು ತುರುಕಿದ ಕೂಡಲೇ ಅದು ತಾನು ಎಲ್ಲಿದ್ದೇನೆಂದೇ ತಿಳಿಯದೆ ಪಿಳಿಪಿಳಿ ಕಣ್ಣು ಬಿಟ್ಟಿತು. ಬುಧವಾರ ವಿಳಾಸದ ಸಾಲಿಗೆ ಹೇಳಿದರು: ಫೋಟೊ ಈಗಲೇ ಹೊಡೆಯಬೇಡ, ಎಲ್ಲರೂ ಬಟ್ಟೆ ತೊಟ್ಟು ಮುಗಿಸುವ ತನಕ ಕಾಯಿ. ಅದು ಕಾಯಿತು. ಎಷ್ಟು ವಿಧೇಯವಾಗಿ ಕಾಯಿತೆಂದರೆ ಒಂದೇ ಹೆಸರಿನ ಎರಡು ಕೋಡು ಸಿಕ್ಕಾಗ ತಪ್ಪು ಕೋಡಿನ ಫೋಟೊ ಹೊಡೆದು ಅಂಟಿಸಿತು. ಟೀಚರಮ್ಮ ಹಣೆ ಹಣೆ ಚಚ್ಚಿಕೊಂಡರು. ಆ ದಿನ ಕೆಂಪು ಪೆನ್ನಿನಲ್ಲಿ ತಮ್ಮದೇ ಹಾಳೆಯ ಅಂಚಿಗೆ ‘ಯಾಕಮ್ಮಾ?’ ಎಂದು ಬರೆದದ್ದನ್ನು ನೇರಪ್ಪ ನೋಡಿದ್ದಾನೆ. ಬಹಳ ನೇರವಾಗಿ ಬರೆದಿದ್ದರಂತೆ.

ಗುರುವಾರ ಅವರು ನೇರಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡರು.

“ಇವನ್ನ ನಿನಗೆ ಬೇಕಾದ ಹಾಗೆ ಜೋಡಿಸು.”

“ಬೇಡ ಮೇಡಂ, ನಾನು ಇನ್ನು ಮುಂದೆ ಏನನ್ನೂ ಮುಟ್ಟಲ್ಲ.”

“ಮುಟ್ಟಪ್ಪ. ನೀನು ಮುಟ್ಟಿದರೂ ಕೆಡದೆ ಇರೋದು ಯಾವುದು ಅಂತ ನೋಡಬೇಕು.”

ನೇರಪ್ಪ ಒಲ್ಲದ ಮನಸ್ಸಿನಿಂದ ಶುರುಮಾಡಿ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮೈಮರೆತು ಮೆಟ್ಟಿಲು ಕಟ್ಟತೊಡಗಿದ. ಎರಡು ಸಾಲಿದ್ದಲ್ಲಿ ಎರಡು ಮೆಟ್ಟಿಲು, ಮೂರಿದ್ದಲ್ಲಿ ಮೂರು. ಒಂದು ಕಡೆ ಮಾತ್ರ ಅವನ ಕೈ ನಿಂತಿತು. ಅದು ಬೀಗ ಬೇಡದ ಸ್ವಾಗತದ ಪುಟ, ಅಲ್ಲಿ ವಿಳಾಸದ ಒಂದೇ ಸಾಲಿತ್ತು.

“ಇಲ್ಲಿ ಏನೂ ಮಾಡಕ್ಕಾಗಲ್ಲ ಮೇಡಂ. ಒಂದೇ ಇದೆ” ಎಂದ, ಸ್ವಲ್ಪ ಬೇಸರದಿಂದ.

ಟೀಚರಮ್ಮ ಆ ಒಂಟಿ ಸಾಲನ್ನು ದಿಟ್ಟಿಸಿ ನೋಡಿದರು. ಏನು ಮಾಡಬೇಕೆಂದು ಆಗಲೇ ಗೊತ್ತಾಗಿತ್ತು. ಆದರೆ ಮಾಡಲು ಮನಸ್ಸಿರಲಿಲ್ಲ. ಬೀಗವನ್ನು ಪ್ರತ್ಯೇಕ ಸಾಲಾಗಿ ಬಿಡದೆ ವಿಳಾಸದ ಸಾಲಿನ ಹೊಟ್ಟೆಯೊಳಗೇ ಇಟ್ಟುಬಿಟ್ಟರೆ ಜೋಡಿಸುವುದಕ್ಕೆ ಎರಡನೆಯದೇ ಇರುವುದಿಲ್ಲ. ಮೇಲೆಂಬುದಿಲ್ಲ, ಕೆಳಗೆಂಬುದಿಲ್ಲ. ಆದರೆ ಹಾಗೆ ಮಾಡಿದರೆ ‘ಒಂದು ಸಾಲು, ಒಂದು ಕೆಲಸ’ ಏನಾಗಬೇಕು? ಅದನ್ನು ಅವರು ಎಷ್ಟು ಜನರಿಗೆ ಬೋಧಿಸಿದ್ದಾರೆ, ಎಷ್ಟು ಹಾಳೆಗಳಲ್ಲಿ ಕೆಂಪಾಗಿ ಬರೆದಿದ್ದಾರೆ! ವಿಳಾಸದ ಸಂಸಾರದಲ್ಲಿ ಬೀಗ, ಬೀಗದ ಸಂಸಾರದಲ್ಲಿ ವಿಳಾಸ; ಕೂಡುಕುಟುಂಬದ ರಂಪಾಟವನ್ನು ತಮ್ಮ ಕೈಯಾರೆ ಕೋಡಿನೊಳಕ್ಕೆ ತರುವುದೇ? ಅವರು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು. ಇನ್ನೊಂದು ಲೋಟ ಕುಡಿದು ಬಂದರು. ಕೊನೆಗೆ, ಹರಕೆಯ ಕೂದಲು ಕೊಡುವವರಂತೆ ಕಣ್ಣು ಮುಚ್ಚಿಕೊಂಡು, ಬೀಗದ ಸಾಲನ್ನು ಅಳಿಸಿದರು.

ವಿಳಾಸದ ಆವರಣದೊಳಗೆ ಹೊಸದಾಗಿ ಒಂದು ಮಾತು ಬಂತು: ‘ಯಾರಿಗೆ’. ರೋಗಿಗೆ ಮಾತ್ರ, ವೈದ್ಯರಿಗೆ ಮಾತ್ರ, ಎಲ್ಲರಿಗೂ.

“ಹೇಳೋಕೆ ಮರೆತರೆ?” ಎಂದರು ಯಜಮಾನರು ಗುರುವಾರ ಸಂಜೆ. “ಮರೆತರೆ ಬೀಗ ಇದೆ ಅಂತಲೇ ಇಟ್ಕೊಳ್ಳಲಿ.”

“ಬೇಡ ಸರ್. ಆಗ ಸ್ವಾಗತದ ಪುಟಕ್ಕೂ ಬೀಗ ಬೀಳುತ್ತೆ. ಯಾರೋ ಗಡಿಬಿಡಿಯಲ್ಲಿ ‘ಎಲ್ಲರಿಗೂ’ ಅಂತ ಹಾಕಿ ಬಿಡಿಸಿಕೊಳ್ತಾರೆ. ಆಮೇಲೆ ಅದನ್ನೇ ಎಲ್ಲ ಕಡೆ ಅಂಟಿಸ್ತಾ ಹೋಗ್ತಾರೆ. ನಮ್ಮವರನ್ನ ನಾನು ನೋಡಿಲ್ವಾ?”

“ಹಾಗಾದ್ರೆ ಮರೆತರೆ ತೆರೆದೇ ಇರಲಿ” ಎಂದ ಜಗತ್ತು.

ಯಜಮಾನರು ಕೂಡ ತಿರುಗಿ ಅವನನ್ನು ನೋಡಿದರು.

“ಮರೆತರೆ ಸರ್ವರ್ ಶುರುವೇ ಆಗಲ್ಲ” ಎಂದರು ಟೀಚರಮ್ಮ. “ಯಾರಿಗೆ ಅಂತ ಬಾಯಿಬಿಟ್ಟು ಹೇಳೋ ತನಕ ಕದಲಲ್ಲ. ನಾನು ಹೇಗೋ, ಅದೂ ಹಾಗೇ.”

ಶುಕ್ರವಾರ ಬೆಳಗ್ಗೆ ಎಲ್ಲರೂ ಟೀಚರಮ್ಮನ ಮೇಜಿನ ಸುತ್ತ ಸೇರಿದರು. ಕ್ಲಿನಿಕ್ಕಿನ ಸೈಟನ್ನು ಹೊಸ ಡೆಕೊರೇಟರಿನಲ್ಲಿ ಬರೆದಾಗಿತ್ತು. ಅವರು ಗುಂಡಿ ಒತ್ತಿದರು. ಸರ್ವರ್ ಏಳಲಿಲ್ಲ. ‘ಈ ಫೈಲು, ಈ ಸಾಲು: ಯಾರಿಗೆ ಎಂದು ಹೇಳಿಲ್ಲ’ ಎಂದಿತು. ಯಾರೋ ಬಿಟ್ಟುಹೋಗಿದ್ದ ‘ಸಂಪರ್ಕಿಸಿ’ ಪುಟ. ಸರಿಮಾಡಿದರು. ಮತ್ತೊಂದನ್ನು ಹಿಡಿಯಿತು. ಅದನ್ನೂ ಸರಿಮಾಡಿದರು. ಇನ್ನೊಂದನ್ನು ಹಿಡಿಯಿತು.

“ಅಯ್ಯೋ ಮೇಡಂ, ಫೋನ್ ನಂಬರ್ ಇರೋ ಪುಟ ಎಲ್ಲರಿಗೂ ಅಂತ ಗೊತ್ತೇ ಇದೆ. ಅದನ್ನೂ ಹೇಳಬೇಕಾ?” ಎಂದು ಹಿಂದಿನಿಂದ ಯಾರೋ ಗೊಣಗಿದರು.

“ಹೇಳಬೇಕು.”

“ಎಲ್ಲ ತಪ್ಪನ್ನೂ ಒಟ್ಟಿಗೇ ತೋರಿಸಬಹುದಿತ್ತು” ಎಂದ ನೇರಪ್ಪ ಮೆತ್ತಗೆ. “ಸಾಲಾಗಿ.”

ಹೌದಲ್ಲ, ಇದು ತಮಗೆ ಹೊಳೆಯಲಿಲ್ಲವಲ್ಲ ಎಂದು ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. ಅಲ್ಲೇ ಕೂತು ಬದಲಾಯಿಸಿ ಮತ್ತೆ ಗುಂಡಿ ಒತ್ತಿದರು. ಉಳಿದದ್ದು ಒಂದೇ ಒಂದು. ಆದರೆ ಆ ಫೈಲನ್ನು ಅಲ್ಲಿದ್ದವರು ಯಾರೂ ಬರೆದಿರಲಿಲ್ಲ. ತೆರೆದು ನೋಡಿದರೆ ಒಂದು ಪುಟ್ಟ ಪುಟ: ಗುಲಾಬಿ ಹಿನ್ನೆಲೆ, ಮೇಲೊಂದು ಬೆಕ್ಕಿನ ಚಿತ್ರ, ಕೆಳಗೆ ‘ನಮಸ್ಕಾರ. ಇದು ನಾನೇ ಮಾಡಿದ ಮೊದಲ ಪುಟ’.

“ಯಾರದಿದು?” ಜಗತ್ತು ಗುಡುಗಿತು. “ಗಿರಾಕಿಯ ಸೈಟೊಳಗೆ ಬೆಕ್ಕು ತಂದು ಕೂರಿಸಿದ್ದು ಯಾವನು?”

ಪೆನ್ನಿನ ಮುಚ್ಚಳ ಟಿಕ್ ಎಂದಿತು.

“ನಮ್ಮದೇ,” ಎಂದರು ಯಜಮಾನರು, ಕಿಟಕಿಯ ಹೊರಗಿನ ಸೈಕಲ್ಲುಗಳನ್ನು ನೋಡುತ್ತ. “ಮನೆಯಲ್ಲಿ ಮಗಳ ಹತ್ತಿರ ಹೇಳಿಸಿಕೊಂಡು ದಿನಾ ಸ್ವಲ್ಪ ಸ್ವಲ್ಪ ಕಲೀತಿದ್ದೆ. ಬೆಕ್ಕು ಅವಳದು. ಎಲ್ಲಿಡಬೇಕು ಅಂತ ಗೊತ್ತಾಗದೆ ಅಲ್ಲೇ ಇಟ್ಟಿದ್ದೆ.”

ಟೀಚರಮ್ಮನ ಬಾಯಿಯ ತನಕ ‘ಯಾಕಪ್ಪಾ?’ ಬಂತು. ಅದನ್ನು ನುಂಗಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಕೀಲಿಮಣೆಯ ಮೇಲೆ ಬೆರಳಿಟ್ಟು ಕೇಳಿದರು. “ಯಾರಿಗೆ ಅಂತ ಹಾಕಲಿ ಸರ್?”

“ಎಲ್ಲರಿಗೂ ಬೇಡಮ್ಮ. ಬೆಕ್ಕು ಇನ್ನೂ ಸರಿಯಾಗಿ ಮಧ್ಯಕ್ಕೆ ಬಂದಿಲ್ಲ.”

ನೇರಪ್ಪ ಅದನ್ನು ಆಗಲೇ ಗಮನಿಸಿದ್ದ. ಅವನ ಕೈ ಚಡಪಡಿಸುತ್ತಿತ್ತು. ಟೀಚರಮ್ಮ ಬೆಕ್ಕನ್ನು ಕ್ಲಿನಿಕ್ಕಿನಿಂದ ಹೊರಗೆ ಸಾಗಿಸಿ, ಬೇರೊಂದು ಕಡೆ ಇಟ್ಟು, ‘ಯಜಮಾನರಿಗೆ ಮಾತ್ರ’ ಎಂದು ಬರೆದರು. ಸರ್ವರ್ ಎದ್ದು ನಿಂತಿತು. ರೋಗಿಯ ಪುಟದ ನಂಬರನ್ನು ಒಂದು ಕಮ್ಮಿ ಮಾಡಿದರು: ಬೀಗ. ಒಂದು ಜಾಸ್ತಿ ಮಾಡಿದರು: ಬೀಗ. ನೇರಪ್ಪನಿಗೆ ಎಲ್ಲ ಸಾಲುಗಳನ್ನೂ ಮನಸೋಇಚ್ಛೆ ಜೋಡಿಸಲು ಬಿಟ್ಟು ಮತ್ತೆ ನೋಡಿದರು: ಬೀಗ.

ಯಜಮಾನರು ಎಲ್ಲರನ್ನೂ ಕಳಿಸಿ ಜಗತ್ತನ್ನೂ ಟೀಚರಮ್ಮನನ್ನೂ ಉಳಿಸಿಕೊಂಡರು. ತೀರ್ಪಿನ ಗಳಿಗೆ. ಟೀಚರಮ್ಮ ಮಾತು ಸಿದ್ಧ ಮಾಡಿಕೊಂಡಿದ್ದರು: ಹೊರಗಿನದರಲ್ಲಿ ಇವತ್ತಿಗೂ ಇರುವ ಗುಂಡಿ ನಮ್ಮದರಲ್ಲಿ ಹೇಗಿಲ್ಲ, ಮರೆವಿಗೆ ಜಾಗವೇ ಇಲ್ಲದಂತೆ ಹೇಗೆ ಮಾಡಿದೆ, ಎಷ್ಟು ಪ್ರೀತಿಯ ಮಂತ್ರವೊಂದನ್ನು ಅದಕ್ಕಾಗಿ ಬಲಿಕೊಟ್ಟೆ, ಇತ್ಯಾದಿ. ಅವರು ಬಾಯಿ ತೆರೆಯುವ ಮೊದಲೇ ಯಜಮಾನರು ಕೈಯೆತ್ತಿದರು.

“ಇದೇ ಇರಲಿ. ಬದಲಾಯಿಸೋದು ಬೇಡ.”

“ಯಾಕೆ ಸರ್?” ಜಗತ್ತಿನ ದನಿ ಕೀರಲಾಯಿತು.

“ಇದನ್ನ ಇಷ್ಟು ಕಲಿಯೋ ಅಷ್ಟರಲ್ಲೇ ನನ್ನ ಜೀವ ಬಾಯಿಗೆ ಬಂದಿದೆ ಕಣಯ್ಯಾ. ಇನ್ನೊಂದನ್ನ ಮೊದಲಿಂದ ಕಲಿ ಅಂದ್ರೆ ನನ್ನ ಕೈಲಾಗಲ್ಲ.”

ಸಂಜೆ ಟೀಚರಮ್ಮ ಮನೆಗೆ ಬಂದು ಚಪ್ಪಲಿ ಬಿಟ್ಟು, ಬ್ಯಾಗನ್ನು ಗಂಡನ ಮಡಿಲಿಗೆ ಹಾಕಿ ಸೋಫಾದಲ್ಲಿ ಕುಸಿದರು.

“ಏನಾಯ್ತೇ?”

“ಉಳೀತು ರೀ.”

“ಭೇಷ್! ನಾನು ಹೇಳಲಿಲ್ವಾ? ಕೆಲಸ ಚೆನ್ನಾಗಿದ್ರೆ ಯಾರಾದರೂ ಬಿಡ್ತಾರಾ? ಏನಂದ್ರು ನಿಮ್ಮ ಯಜಮಾನರು? ಏನು ನೋಡಿ ಒಪ್ಪಿಕೊಂಡ್ರಂತೆ?”

ಟೀಚರಮ್ಮ ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು.

“ಅದೊಂದು ಮಾತ್ರ ಕೇಳಬೇಡಿ” ಎಂದರು.